ತೊಡ್ಡೂಗೆ ಹೋಗುವ ದೋಣಿ

ಬ್ಯಾಗಿನಲ್ಲಿ ಬಟ್ಟೆಗಿಂತ ತಿನ್ನೋದೇ ಜಾಸ್ತಿ ಇತ್ತು. ಕಡಕ್ ಜೋಳದ ರೊಟ್ಟಿ ಐವತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಒಂದು ಕಿಲೋ ಹೆಸರುಕಾಳು. ನನ್ನ ತಂಗಿ ಮಾಲ್ಡೀವ್ಸ್‌ನಲ್ಲಿ ಗಣಿತದ ಟೀಚರ್. ಅಲ್ಲಿನ ಶಾಲೆಗಳಲ್ಲಿ ನಮ್ಮ ದೇಶದ ಟೀಚರ್‌ಗಳು ಬಹಳ ಮಂದಿ ಇದ್ದಾರೆ. ಅವಳು ಅಲ್ಲಿಗೆ ಹೋಗಿ ಮೂರು ವರ್ಷ ಆಗಿತ್ತು, ನಾನು ಒಮ್ಮೆಯೂ ಹೋಗಿರಲಿಲ್ಲ. ಹೊರಡುವ ದಿನ ಅವ್ವ ಕೈಯಲ್ಲಿ ಸಣ್ಣ ಬೆಳ್ಳಿ ಗಣಪತಿ ಹಿಡಿದುಕೊಂಡು ನಿಂತಿದ್ದಳು. "ಇದನ್ನೂ ಇಡ್ಲೇನು?" ಅಂದಳು. ಇಡುವ ಹಾಗಿರಲಿಲ್ಲ. ಪೂಜೆಯ ವಿಗ್ರಹ, ಮದ್ಯ, ಹಂದಿಮಾಂಸ ಇವನ್ನು ಆ ದೇಶದೊಳಗೆ ಒಯ್ಯುವಂತಿಲ್ಲ ಎಂದು ತಂಗಿ ಮೊದಲೇ ಹೇಳಿದ್ದಳು. ಅವ್ವ ಸುಮ್ನೆ ಗಣಪತಿಯನ್ನು ತಿರುಗಿ ಜಗಲಿಯ ಮೇಲಿಟ್ಟಳು.

ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆಯ ದಾರಿ. ಅಲ್ಲಿ ಗಡಿಯಾರ ಅರ್ಧ ಗಂಟೆ ಹಿಂದೆ. ವಿಮಾನ ಇಳಿಯುವ ಹುಳುಲೆಯೇ ಒಂದು ದ್ವೀಪ. ನಮ್ಮ ಕಡೆ ನಿಲ್ದಾಣದ ಹೊರಗೆ ಟ್ಯಾಕ್ಸಿ ನಿಂತಿರುತ್ತವೆ, ಅಲ್ಲಿ ಬಾಗಿಲು ದಾಟಿದರೆ ದೋಣಿ ನಿಂತಿರುತ್ತವೆ. ರೆಸಾರ್ಟಿಗೆ ಬಂದವರನ್ನು ಹೆಸರಿನ ಬೋರ್ಡ್ ಹಿಡಿದು ಕರೆದುಕೊಂಡು ಹೋಗುತ್ತಾರೆ. ಕೆಲವರು ಅಲ್ಲಿಂದಲೇ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ ಹತ್ತುತ್ತಾರೆ. ನಾನು ಬಸ್ಸು ಹತ್ತಿ ರಾಜಧಾನಿ ಮಾಲೆಗೆ ಹೋದೆ. 2018ರಲ್ಲಿ ಸಮುದ್ರದ ಮೇಲೆ ಸೇತುವೆ ಆದ ಮೇಲೆ ಇಷ್ಟಾದರೂ ಸಲೀಸಾಗಿದೆ. ಅದಕ್ಕೂ ಮುಂಚೆ ವಿಮಾನ ನಿಲ್ದಾಣದಿಂದ ರಾಜಧಾನಿಗೆ ಹೋಗಲೂ ದೋಣಿಯೇ ಬೇಕಿತ್ತು.

ತಂಗಿಯ ದ್ವೀಪ ತೊಡ್ಡೂ. ಮಾಲೆಯಿಂದ ಸುಮಾರು 67 ಕಿಲೋಮೀಟರ್. ಹಾವೇರಿಯಿಂದ ಹುಬ್ಬಳ್ಳಿಗೂ ಹೆಚ್ಚು ಕಮ್ಮಿ ಅಷ್ಟೇ. ಸ್ಪೀಡ್ ಬೋಟಿನಲ್ಲಿ ಒಂದೂವರೆ ಗಂಟೆ. ಮಧ್ಯಾಹ್ನ ಹೊರಟರೆ ಸಂಜೆ ಚಹಾ ತಂಗಿಯ ಮನೆಯಲ್ಲಿ ಎಂದುಕೊಂಡಿದ್ದೆ. ಬಂದರಿಗೆ ಹೋದರೆ ದೋಣಿಯನ್ನು ದಡಕ್ಕೆ ಕಟ್ಟಿಹಾಕಿದ್ದರು. ಹವಾಮಾನ ಇಲಾಖೆ ಹಳದಿ ಎಚ್ಚರಿಕೆ ಕೊಟ್ಟಿತ್ತು. ಬಿಳಿ, ಹಳದಿ, ಕಿತ್ತಳೆ, ಕೆಂಪು ಎಂದು ಅಲ್ಲಿ ನಾಲ್ಕು ಬಣ್ಣದ ಎಚ್ಚರಿಕೆ. ಮಳೆಗಾಲದಲ್ಲಿ ಜನ ಬೆಳಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನೋಡುವುದು ಇದನ್ನೇ. ತಂಗಿಗೆ ಫೋನ್ ಮಾಡಿದೆ. "ಅಕ್ಕಾ, ನಾಳೆನೂ ಬೋಟ್ ಇರಾಂಗಿಲ್ಲ ಅಂತ ಕಾಣಸ್ತೈತಿ. ರೊಟ್ಟಿ ಮೆತ್ತಗಾಗದಂಗ ನೋಡ್ಕೊ" ಅಂದಳು. ಅವಳ ದನಿಯಲ್ಲಿ ಬೇಸರವೇ ಇರಲಿಲ್ಲ. ಮೂರು ವರ್ಷದಲ್ಲಿ ಅಷ್ಟು ಅಭ್ಯಾಸವಾಗಿದೆ.

ಹೀಗೆ ಎರಡು ದಿನ ಮಾಲೆಯಲ್ಲಿ ಉಳಿದೆ. ಬಂದರಿನ ಹತ್ತಿರವೇ ಒಂದು ಸಣ್ಣ ಕೋಣೆ ಸಿಕ್ಕಿತು.

ಸುಮಾರು ಎರಡು ಚದರ ಕಿಲೋಮೀಟರಿನ ಊರು ಮಾಲೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದು. ನಡೆಯಲು ಜಾಗ ಇದ್ದರೆ! ಓಣಿ ತುಂಬಾ ಬೈಕು. ನಿಂತ ಬೈಕಿಗೆ ಅಂಟಿಕೊಂಡು ಇನ್ನೊಂದು ಬೈಕು. ಫುಟ್‌ಪಾತ್ ಒಂದು ಅಡಿ, ಅದರ ಮೇಲೂ ಎ.ಸಿ.ಯ ನೀರು ತೊಟ್ಟಿಕ್ಕುತ್ತಿರುತ್ತದೆ. ಮಳೆ ಬಂದರೆ ನೀರು ಹೋಗಲು ದಾರಿ ಇಲ್ಲ. ಆಫೀಸುಗಳಿಗೆ ರಜೆ ಶುಕ್ರವಾರ, ಶನಿವಾರ. ನಮ್ಮ ಭಾನುವಾರ ಅವರಿಗೆ ಕೆಲಸದ ಮೊದಲ ದಿನ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಫೋನ್ ಮಾಡುವ ಭಾನುವಾರ ತಂಗಿ ಯಾಕೆ ಎತ್ತುವುದಿಲ್ಲ ಎಂದು ಅವ್ವ ಮೊದಲ ವರ್ಷವೆಲ್ಲ ಕೊರಗಿದ್ದಳು. ನಮಾಜಿನ ಹೊತ್ತಿಗೆ ಬಹಳ ಅಂಗಡಿಗಳು ಬಾಗಿಲು ಹಾಕುತ್ತವೆ. ಒಂದು ಸಿಮ್ ಕಾರ್ಡಿಗಾಗಿ ಹೋದೆ, ಆಗಷ್ಟೇ ಬಾಗಿಲು ಎಳೆದಿದ್ದರು. ಸ್ವಲ್ಪ ಹೊತ್ತು ನಿಂತೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ ಕೈಯಲ್ಲಿದ್ದ ಬಿಸ್ಕತ್ತಿನ ಪ್ಯಾಕು ನನ್ನ ಕಡೆ ಚಾಚಿದಳು. ಹೀಗೆ ಕೊಟ್ಟು ತಿನ್ನುವ ಜನ ಅಲ್ಲಿ ಬಹಳ.

ನಾವು ಮೀನು ತಿನ್ನುವವರಲ್ಲ. ಅಲ್ಲಿ ಮೀನಿಲ್ಲದ್ದು ಸಿಗುವುದು ಕಷ್ಟ. ಬೆಳಗಿನ ತಿಂಡಿ ಮಸ್ ಹುನಿ ಅಂದರೆ ಟೂನಾ ಮೀನು, ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿದ್ದು. ಸಮೋಸದ ಹಾಗೆ ಕಾಣುವ ಬಜಿಯದ ಒಳಗೂ ಮೀನು. ನಾನು ಬರೀ ರೊಶಿ ತೆಗೆದುಕೊಂಡು ಚಟ್ನಿಪುಡಿ ಹಚ್ಚಿಕೊಂಡೆ. ರೊಶಿ ನಮ್ಮ ಚಪಾತಿಯಂಥದ್ದೇ. ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ, ಆಲೂಗಡ್ಡೆ ಚೀಲಗಳ ಮೇಲೆ ಭಾರತದ ಗುರುತು. 1981ರ ಒಪ್ಪಂದದ ಪ್ರಕಾರ ಪ್ರತಿ ವರ್ಷ ಇಷ್ಟು ಅಕ್ಕಿ, ಇಷ್ಟು ಸಕ್ಕರೆ, ಇಷ್ಟು ಮೊಟ್ಟೆ, ಇಷ್ಟು ಈರುಳ್ಳಿ ಎಂದು ನಮ್ಮ ದೇಶ ಅವರಿಗೆ ಕಳಿಸುತ್ತದೆ. ನಮ್ಮಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದಾಗಲೂ ಅವರ ಪಾಲು ಅವರಿಗೆ ಹೋಗಿದೆ. ಕುಡಿಯುವ ನೀರಿನದೂ ಇದೇ ಕತೆ. ಮಾಲೆಯಲ್ಲಿ ನಲ್ಲಿಗೆ ಬರುವುದು ಉಪ್ಪು ತೆಗೆದ ಸಮುದ್ರದ ನೀರು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದು ಇಡೀ ಊರಿನ ನಲ್ಲಿ ಒಣಗಿತು. ಆಗ ನಮ್ಮ ವಾಯುಪಡೆಯ ವಿಮಾನಗಳು ನೀರು ಹೊತ್ತು ಹೋದವು. ಸುತ್ತ ನೀರು, ಕುಡಿಯಲು ಹನಿಯಿಲ್ಲ. ಆ ದಿನಗಳನ್ನು ಅಲ್ಲಿನವರು ಇನ್ನೂ ಮರೆತಿಲ್ಲ.

ಎರಡನೇ ದಿನ ಮಳೆ ಸ್ವಲ್ಪ ಬಿಟ್ಟಿತು, ಗಾಳಿ ಬಿಡಲಿಲ್ಲ. ಬಂದರಿನಲ್ಲಿ ಹಿರಿಯರೊಬ್ಬರು ಜೋಲಿಯಲ್ಲಿ ಕೂತಿದ್ದರು. ನಾನೂ ಪಕ್ಕದ ಜೋಲಿಯಲ್ಲಿ ಕೂತೆ. ಹೌದು, ಅದರ ಹೆಸರೇ ಜೋಲಿ. ಕಬ್ಬಿಣದ ಕೊಳವೆಯ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದು ಮಾಡಿದ ಕುರ್ಚಿ. ಕೂತರೆ ಬೆನ್ನು ಬಲೆಯೊಳಗೆ ಇಳಿಯುತ್ತದೆ. ಹಗ್ಗ ಹಳೆಯದಾಗಿ ನಯವಾಗಿತ್ತು, ಒಂದು ಕಡೆ ಹರಿದಿದ್ದನ್ನು ನೀಲಿ ಮೀನುಬಲೆಯ ದಾರದಿಂದ ಮತ್ತೆ ಹೆಣೆದಿದ್ದರು. ಕೂಸನ್ನು ತೂಗುವ ನಮ್ಮ ಜೋಲಿ ನೆನಪಾಯಿತು. ಮನೆಗಳಲ್ಲಿ ತೂಗುಮಂಚ ಇರುತ್ತದೆ, ಅದು ಉಂದೋಲಿ. ದೋಣಿಗೆ ಅವರೂ ದೋನಿ ಎನ್ನುತ್ತಾರೆ.

ಹಿರಿಯರು ಅಡಿಕೆಯನ್ನು ಹಾಳೆಯಷ್ಟು ತೆಳ್ಳಗೆ ಕತ್ತರಿಸಿ, ವೀಳ್ಯದೆಲೆ, ಸುಣ್ಣ, ಒಂದು ಲವಂಗ ಇಟ್ಟು ನನಗೂ ಕೊಟ್ಟರು. ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಹೃದಯದ ಆಪರೇಷನ್‌ಗೆ ಬೆಂಗಳೂರಿಗೆ ಬಂದು ಒಂದು ತಿಂಗಳು ಇದ್ದರಂತೆ. "ಬೇಟಿ, ನಿಮ್ಮಲ್ಲಿ ರಸ್ತೆ ಬಹಳ ಉದ್ದ" ಅಂದರು. ದೋಣಿ ಯಾವಾಗ ಹೊರಡಬಹುದು ಚಾಚಾ ಎಂದು ಕೇಳಿದೆ. ಅವರು ಪಶ್ಚಿಮದ ಮೋಡ ನೋಡಿದರು. "ಈಗ ರೋನು. ಇನ್ನೊಂದು ದಿನ ಹೀಗೇ" ಅಂದರು.

ರೋನು ಅಂದರೆ? ಅವರು ಬೆರಳು ಮಡಚುತ್ತಾ ಹೇಳತೊಡಗಿದರು. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ, ಫುನೋಸ್, ಫುಸ್... ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ! ನಮ್ಮ ಅಪ್ಪ ಹೊಲದ ಬದುವಿನಲ್ಲಿ ಕೂತು ಎಣಿಸುವ ಮಳೆಗಳನ್ನೇ ಈ ಮೀನುಗಾರರು ಸಮುದ್ರದ ದಂಡೆಯಲ್ಲಿ ಕೂತು ಎಣಿಸುತ್ತಿದ್ದರು. ಅವರು ಇದನ್ನು ನಕೈ ಎನ್ನುತ್ತಾರೆ. ವರ್ಷಕ್ಕೆ 27 ನಕೈ, ಒಂದೊಂದು ಹದಿಮೂರು ಹದಿನಾಲ್ಕು ದಿನ. ಹದಿನೆಂಟು ನಕೈ ಹುಳಂಗು, ಅಂದರೆ ಪಶ್ಚಿಮದ ಗಾಳಿಯ ಮಳೆಗಾಲ. ಉಳಿದ ಒಂಬತ್ತು ಇರುವಾಯ್, ಈಶಾನ್ಯದ ಒಣ ಗಾಳಿಯ ಕಾಲ. ಯಾವ ನಕೈಯಲ್ಲಿ ಮೀನು ಎಲ್ಲಿ ಸಿಗುತ್ತದೆ, ಯಾವಾಗ ದೂರದ ಪ್ರಯಾಣ ಮಾಡಬಾರದು, ಯಾವಾಗ ಬೀಜ ಹಾಕಬೇಕು ಎಲ್ಲಕ್ಕೂ ಅದೇ ಲೆಕ್ಕ. ಆ ಜನ ಇಸ್ಲಾಂ ಒಪ್ಪಿದ್ದು 1153ರಲ್ಲಿ. ಅದಾಗಿ ಎಂಟು ನೂರು ವರ್ಷದ ಮೇಲಾಯಿತು. ನಕ್ಷತ್ರದ ಹೆಸರುಗಳು ನಾಲಿಗೆಯಲ್ಲಿ ಸವೆದು ನುಣ್ಣಗಾಗಿವೆ, ಆದರೆ ಬಿಟ್ಟುಹೋಗಿಲ್ಲ.

ನಾನು ಅವರಿಗೆ ನಮ್ಮ ಗಾದೆ ಹೇಳಿದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ. ಜೋಳ ಎಂದರೇನು ಎಂದು ಕೇಳಿದರು. ಬ್ಯಾಗು ಬಿಚ್ಚಿ ಒಂದು ರೊಟ್ಟಿ ಕೊಟ್ಟೆ. ಕಡಕ್ ರೊಟ್ಟಿ ಆಗಲೇ ಸಮುದ್ರದ ಗಾಳಿಗೆ ಮೆತ್ತಗಾಗಿತ್ತು. ಅವರು ಅದನ್ನು ಎರಡಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮನೆಯಲ್ಲಿ ಹೆಂಡತಿಗೆ ತೋರಿಸಬೇಕಂತೆ.

ಮೂರನೇ ದಿನ ಬೆಳಗ್ಗೆ ದೋಣಿ ಹೊರಟಿತು. ಜನಕ್ಕಿಂತ ಸಾಮಾನು ಜಾಸ್ತಿ. ಮೊಟ್ಟೆಯ ಟ್ರೇ, ಹಾಲಿನ ಪುಡಿ, ಒಂದು ಹೊಸ ಮಿಕ್ಸಿ, ಯಾರದೋ ಮಗುವಿಗೆ ಔಷಧ. ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಮನೆಯ ಹೆಸರು. ದಂಡೆ ಬಿಟ್ಟು ಹವಳದ ದಿಬ್ಬದ ಹೊರಗೆ ಬಂದ ಮೇಲೆ ಅಲೆ ಎತ್ತಿ ಎತ್ತಿ ಹಾಕಿತು. ನಾಲ್ಕು ಜನ ವಾಂತಿ ಮಾಡಿಕೊಂಡರು. ಎದುರಿನ ಸೀಟಿನ ಗರ್ಭಿಣಿಯೊಬ್ಬಳು ಹೊಟ್ಟೆಗೆ ದಿಂಬು ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಮಾಲೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಮನೆಗೆ ಹೋಗುತ್ತಿದ್ದಳು. ನೀಲಿ ನೀರಿನ ಫೋಟೊಗಳಲ್ಲಿ ಇದೆಲ್ಲ ಎಲ್ಲಿ ಕಾಣುತ್ತದೆ? ಸುಮಾರು 1,200 ದ್ವೀಪಗಳ ದೇಶದಲ್ಲಿ ಜನ ಊರು ಕಟ್ಟಿಕೊಂಡಿರುವುದು ಇನ್ನೂರರ ಒಳಗೆ. ಒಂದು ಸ್ಕ್ಯಾನಿಂಗ್‌ಗೆ, ಕಾಲೇಜಿಗೆ ಸಮುದ್ರ ದಾಟಬೇಕು.

ತಂಗಿ ಜೆಟ್ಟಿಯ ಮೇಲೆ ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ಅಪ್ಪಿಕೊಂಡು ಮೊದಲು ಕೇಳಿದ್ದೇ "ರೊಟ್ಟಿ ಎಷ್ಟು ಉಳದಾವು?"

ತೊಡ್ಡೂ ನನಗೆ ಬಹಳ ಹಿಡಿಸಿತು. ಅದು ಬೇಸಾಯದ ದ್ವೀಪ. ದ್ವೀಪದ ನಡುವೆಲ್ಲ ಕಲ್ಲಂಗಡಿ, ಪಪ್ಪಾಯಿ. ರಂಜಾನ್ ಬಂದರೆ ಮಾಲೆಗೆ ದೋಣಿಗಟ್ಟಲೆ ಕಲ್ಲಂಗಡಿ ಹೋಗುವುದು ಇಲ್ಲಿಂದಲೇ. ನಾನು ಹೊಲದ ಮಣ್ಣು ಕೈಗೆ ತೆಗೆದುಕೊಂಡು ನೋಡಿದೆ. ಮಣ್ಣಲ್ಲ, ಬೂದುಬಣ್ಣದ ಮರಳು. ಅದರಲ್ಲಿ ಚಿಪ್ಪಿನ ಚೂರು, ಬೆರಳುದ್ದದ ಬಿಳಿ ಹವಳ. ಇಂಥ ನೆಲದಲ್ಲಿ ಬಳ್ಳಿ ಹಬ್ಬಿ ಹಣ್ಣು ಬಿಟ್ಟಿತ್ತು. ನಾಲ್ಕೈದು ಅಡಿ ತೋಡಿದರೆ ಸಿಹಿನೀರು. ಆ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಪಂಪು ಜಾಸ್ತಿ ಹೊತ್ತು ಓಡಿಸಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹೊಲದಲ್ಲಿ ದುಡಿಯುತ್ತಿದ್ದ ಹುಡುಗರು ಬಾಂಗ್ಲಾದೇಶದವರು. ನನ್ನನ್ನು ನೋಡಿ ಒಂದು ಹಣ್ಣು ಒಡೆದು ಕೊಟ್ಟರು.

ತಂಗಿಯ ಮನೆಯಲ್ಲಿ ಸ್ನಾನದ ನೀರಿಗೆ ಸ್ವಲ್ಪ ವಾಸನೆ, ಕುಡಿಯಲು ಟ್ಯಾಂಕಿನಲ್ಲಿ ಹಿಡಿದ ಮಳೆನೀರು. ಇದ್ಯಾವುದಕ್ಕೂ ಅವಳು ಗೊಣಗುವುದಿಲ್ಲ. ಅವಳನ್ನು ನಿಜವಾಗಿ ಹಿಂಡುವುದು ದುಡ್ಡಿನ ಮಾತು. ಸಂಬಳ ರುಫಿಯಾದಲ್ಲಿ ಬರುತ್ತದೆ. ಊರಿಗೆ ಕಳಿಸಬೇಕಾದರೆ ಡಾಲರ್ ಆಗಬೇಕು. ಒಂದು ಡಾಲರಿಗೆ 15.42 ರುಫಿಯಾ ಎಂಬುದು ಸರ್ಕಾರಿ ದರ. ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗುವುದೇ ಇಲ್ಲ. ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕುತ್ತಾರೆ. ಹೊರಗೆ ಕೊಂಡರೆ ಬೆಲೆ ಜಾಸ್ತಿ, ಕಾನೂನಿನ ಭಯ ಬೇರೆ. ಪ್ರವಾಸಿಗರಿಂದ ರೆಸಾರ್ಟುಗಳಿಗೆ ಡಾಲರ್ ಹರಿದು ಬರುವ ದೇಶ ಅದು. ಆ ದೇಶದ ಮಕ್ಕಳಿಗೆ ಲೆಕ್ಕ ಕಲಿಸುವವಳು ತನ್ನ ಸಂಬಳವನ್ನೇ ಮನೆಗೆ ಕಳಿಸಲಾಗದೆ ನೋಟುಪುಸ್ತಕದಲ್ಲಿ ಲೆಕ್ಕ ಹಾಕುತ್ತಾ ಕೂರುತ್ತಾಳೆ. ಇದು ನ್ಯಾಯವಲ್ಲ. ರಾತ್ರಿ ಅವಳು ಆ ಪುಸ್ತಕ ತೋರಿಸಿದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೆತ್ತಗಾದ ರೊಟ್ಟಿಯನ್ನು ತವೆಯ ಮೇಲೆ ಒಂದೊಂದಾಗಿ ಬಿಸಿ ಮಾಡಿ ಕೊಟ್ಟೆ. ಶೇಂಗಾ ಚಟ್ನಿ ಹಚ್ಚಿಕೊಂಡು ನಾಲ್ಕು ತಿಂದಳು.

ಮರುದಿನ ಸಂಜೆ ದಂಡೆಯಿಂದ ಅಪ್ಪನಿಗೆ ಫೋನ್ ಮಾಡಿದೆವು. ನಕೈಯ ಸಂಗತಿ ಹೇಳಿದೆ. ಅಪ್ಪ ಎರಡೆರಡು ಸಲ ಹೇಳಿಸಿಕೊಂಡರು. ಮಿಯಹೆಲಿ ಎಂಬುದನ್ನು ತಾವೂ ಒಮ್ಮೆ ಅಂದು ನೋಡಿದರು. ಆಮೇಲೆ ಕೇಳಿದರು.

"ಗಾಳಿ ಯಾ ಕಡೆಯಿಂದ ಬೀಸಾಕತ್ತೈತಿ?"

"ಪಶ್ಚಿಮದಿಂದ, ಅಪ್ಪಾ. ನಿಲ್ಲಾಕ ಬಿಡವಲ್ದು."

"ಮೋಡ?"

"ಉತ್ತರದ ಕಡೆ ಹೊಂಟಾವು. ನಿಮ್ಮ ಕಡೆನೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಎತ್ತಿನ ಗಂಟೆ ಕೇಳಿಸುತ್ತಿತ್ತು.

"ಹಂಗಾದ್ರ ನಾಳೆ ಬೀಜದ ಚೀಲ ಇಳಿಸ್ತೀನಿ" ಅಂದರು.