ಏರಿಯ ಬುಡದ ಗೋಡು ತೆಗೆಸಿದ ತಪ್ಪು

2021ರ ನವೆಂಬರ್ ಮಳೆ ಕೋಲಾರದ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಎಷ್ಟೋ ವರ್ಷ ಒಣಗಿ ಬಿದ್ದಿದ್ದ ಕೆರೆಗಳೆಲ್ಲ ಕೋಡಿ ಹರಿದವು, ಊರೂರಲ್ಲಿ ಬಾಗಿನ ಬಿಟ್ಟರು. ಅದೇ ದಿನಗಳಲ್ಲಿ ನಾನು ಎರಡು ರಾತ್ರಿ ಒಂದು ಕೆರೆಯ ಏರಿ, ಅಂದರೆ ನೀರು ತಡೆಯುವ ಮಣ್ಣಿನ ಕಟ್ಟೆಯ ಹಿಂದೆ ಟಾರ್ಚ್ ಹಿಡಿದು ನಿಂತಿದ್ದೆ. ಕಾರಣ ನಾನೇ ಮಾಡಿಸಿದ್ದ ಕೆಲಸ.

ಕೆರೆ ಕಾಮಗಾರಿಗಳ ಸೈಟ್ ಇಂಜಿನಿಯರ್ ನಾನು. ಎರಡು ಬೇಸಿಗೆ ಹಿಂದೆ ಆ ಕೆರೆಯ ಹೂಳು ತೆಗೆಸಿದ್ದೆ. ಜೆಸಿಬಿ ಅಗೆಯುತ್ತಿತ್ತು, ರೈತರು ಟ್ರ್ಯಾಕ್ಟರ್ ತಂದು ಗೋಡು, ಅಂದರೆ ಕೆರೆ ತಳದ ಹೂಳುಮಣ್ಣು, ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದರು, ಎಲ್ಲರಿಗೂ ಖುಷಿ. ಆದರೆ ಎಲ್ಲರಿಗೂ ಬೇಕಾಗಿದ್ದು ಏರಿಯ ಬುಡದ ಗೋಡೇ. ಅದಕ್ಕೆ ಕಾರಣ ಇದೆ. ಮಳೆ ನೀರು ಕೆರೆಗೆ ನುಗ್ಗುವಾಗ ಮರಳು, ಗರಸು ಎಲ್ಲ ಹಳ್ಳ ಸೇರುವ ಬಾಯಲ್ಲೇ ಕೂತುಬಿಡುತ್ತದೆ. ನುಣ್ಣನೆ ಜೇಡಿ ಮಾತ್ರ ನೀರಿನ ಜೊತೆ ತೇಲಿಕೊಂಡು ಬಂದು ಏರಿಯ ಹತ್ತಿರ ನಿಧಾನವಾಗಿ ತಳ ಸೇರುತ್ತದೆ. ಹೊಲಕ್ಕೆ ಅದೇ ಒಳ್ಳೆಯ ಮಣ್ಣು, ಗಾಡಿ ನಿಲ್ಲಿಸುವುದಕ್ಕೂ ಅದೇ ಸಲೀಸು ಜಾಗ.

ಆ ಕೆರೆಯ ನೀರುಗಂಟಿ, ಅಂದರೆ ಕೆರೆ ನೀರು ಬಿಡುವ, ಕಾಯುವ ಕೆಲಸದ ತಾತ ಒಂದೇ ಮಾತು ಹೇಳಿದ್ದರು. "ಏರಿ ಬುಡಕ್ಕೆ ಕೈ ಹಾಕಬೇಡಿ ಸಾರ್, ಅದು ನೀರು ಹಿಡಿಯೋ ಮಣ್ಣು." ನಾನು ನಕ್ಷೆ ತೆಗೆದು ನೋಡಿದೆ. ಎಷ್ಟು ದೂರ ಬಿಡಬೇಕು ಅಂತ ಅದರಲ್ಲಿ ಗೆರೆ ಇರಲಿಲ್ಲ. ಸರಿ, ಅಗೆಯಲಿ ಅಂತ ಬಿಟ್ಟೆ.

ಆ ನುಣ್ಣನೆ ಗೋಡು ನೂರಾರು ವರ್ಷ ಕೂತು ಕೂತು ಕೆರೆಯ ತಳಕ್ಕೆ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ನೀರು ಏರಿಯ ಅಡಿಯಿಂದ ನುಸುಳದಂತೆ ತಡೆಯುವುದು ಅದೇ. ನಾವು ಅದನ್ನು ಕಿತ್ತು ಕೆಳಗಿನ ಗರಸು ಬಯಲು ಮಾಡಿದ್ದೆವು. ಕೆರೆ ತುಂಬದ ಎರಡು ವರ್ಷ ಅದು ಯಾರಿಗೂ ಗೊತ್ತಾಗಲಿಲ್ಲ.

ಕೆರೆ ತುಂಬಿದ ಮೂರನೇ ದಿನ ಸಂಜೆ ತಾತ ಫೋನ್ ಮಾಡಿದರು. ಏರಿಯ ಹಿಂದೆ ಬುಗ್ಗೆ ಎದ್ದಿದೆ, ನೀರು ಕೆಂಪಗಿದೆ ಅಂದರು. ಈ ಕೆಲಸಕ್ಕೆ ಬಂದ ಹೊಸಬರು ಇದನ್ನು ಮಾತ್ರ ಮರೆಯಬೇಡಿ: ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಒಸರುವುದು ಸಹಜ, ತಿಳಿ ನೀರು ಒಂದೇ ಸಮನೆ ಜಿನುಗುತ್ತಿದ್ದರೆ ಕಣ್ಣಿಟ್ಟಿದ್ದರೆ ಸಾಕು, ಆದರೆ ನೀರು ಕದಡಿ ಬಂತು ಅಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಅಂತಲೇ ಅರ್ಥ, ಹೊರಗಿನಿಂದ ಒಳಕ್ಕೆ ಏರಿಯಡಿ ಕೊಳವೆಯಂಥ ಬಿಲ ಬೆಳೆಯುತ್ತಾ ಹೋಗಿ ಕೆರೆಯ ಕಡೆ ಬಾಯಿ ತೆರೆಯಿತೆಂದರೆ ಆಮೇಲೆ ಏನೂ ಮಾಡಕ್ಕಾಗಲ್ಲ.

ನಾನು ಹೋಗುವಷ್ಟರಲ್ಲಿ ಊರಿನ ಹುಡುಗರು ಆ ಬುಗ್ಗೆಗೆ ಜೇಡಿಮಣ್ಣು ತುರುಕುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಒಂದು ಕಡೆ ಮುಚ್ಚಿದರೆ ನೀರು ಪಕ್ಕದಲ್ಲಿ ದಾರಿ ಹುಡುಕುತ್ತದೆ. ಅದನ್ನು ತೆಗೆಸಿ ಮೊದಲು ಮರಳು ಹಾಕಿಸಿದೆ, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಒಳಗೇ ನಿಲ್ಲಲಿ ಅಂತ. ಸುತ್ತ ಮರಳು ಚೀಲ ಪೇರಿಸಿ ಬಾವಿಕಟ್ಟೆಯಂತೆ ಕಟ್ಟಿದೆವು. ಒಳಗೆ ನೀರು ನಿಂತಷ್ಟೂ ಬುಗ್ಗೆಯ ರಭಸ ಇಳಿಯಿತು. ಕೆರೆ ನೀರು ಹೊರಬಿಡುವ ತೂಬನ್ನು ಸ್ವಲ್ಪವೇ ಎತ್ತಿಸಿದೆ. ಪೂರ್ತಿ ಎತ್ತಿ ಕೆರೆಯನ್ನು ಒಮ್ಮೆಗೇ ಇಳಿಸಿದರೆ ನೆನೆದ ಏರಿ ಒಳಮೈಗೆ ಜಾರುವ ಭಯ ಬೇರೆ ಇರುತ್ತದೆ.

ಜಾಸ್ತಿ ಕಷ್ಟ ಆಗಿದ್ದು ಕೋಡಿಯಲ್ಲಿ. ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ರೈತರು ಕೋಡಿಯ ಮೇಲೆ ಚೀಲ ಅಡ್ಡ ಇಟ್ಟಿದ್ದರು. ಅಷ್ಟು ವರ್ಷ ಕಾದ ಮೇಲೆ ಬಂದ ನೀರು, ಬಿಡಿ ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ, ಅಲ್ವಾ? ಅಲ್ಲಿ ನನ್ನ ಮಾತು ನಡೆಯಲಿಲ್ಲ. ತಾತನೇ ಹೋಗಿ, ಇದು ಒಡೆದರೆ ಕೆಳಗಿನ ಕೆರೆಯೂ ತಡೆಯಲ್ಲ, ಅದರ ಕೆಳಗಿನದೂ ತಡೆಯಲ್ಲ ಅಂತ ಕೂತು ಹೇಳಿದರು. ನಮ್ಮ ಕಡೆ ಕೆರೆಗಳು ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಸರಪಳಿಯಾಗಿ ಇವೆಯಲ್ಲ, ಅದು ಆ ರೈತರಿಗೂ ಗೊತ್ತು. ಚೀಲ ತೆಗೆದರು. ಎರಡನೇ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಬುಗ್ಗೆಯ ನೀರು ತಿಳಿಯಾಗಿತ್ತು. ಒಂದು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದೆ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ತಿವರೆ ಅಣೆಕಟ್ಟು ಒಡೆದಿತ್ತು. ಅದೂ ಮಣ್ಣಿನದೇ. ಸೋರುತ್ತಿದೆ ಅಂತ ಅಲ್ಲಿನ ಊರಿನವರು ಮೊದಲೇ ಹೇಳಿದ್ದರು. ಇನ್ನೂ ಹಿಂದೆ ಹೋದರೆ, ಕಡಪ ಜಿಲ್ಲೆಯ ಪೊರುಮಾಮಿಳ್ಳ ಕೆರೆಯಲ್ಲಿ 1369ರ ವಿಜಯನಗರ ಕಾಲದ ಶಾಸನ ಇದೆ. ಕೆರೆಗೆ ಇರಬಾರದ ಆರು ದೋಷಗಳನ್ನು ಅದರಲ್ಲಿ ಕೆತ್ತಿಸಿದ್ದಾರೆ. ಏರಿಯಿಂದ ನೀರು ಒಸರುವುದು ಅದರಲ್ಲಿ ಒಂದು. ಕಾಲೇಜಿನಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ, ಹೇಳಬೇಕಿತ್ತು.

ಮುಂದಿನ ಬೇಸಿಗೆಯಲ್ಲಿ ಅಗೆದ ಜಾಗಕ್ಕೆ ಜೇಡಿಮಣ್ಣು ತಂದು ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪದರ ಪದರವಾಗಿ ರೋಲರ್ ಹೊಡೆಸಿದೆವು. ಹೂಳು ತೆಗೆಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಕೆರೆಯಲ್ಲಿ ಜಾಗ ಇದ್ದರೆ ತಾನೇ ದೊಡ್ಡ ಮಳೆಯ ನೀರು ಹಿಡಿಯುವುದು? ಹಳ್ಳದ ಬಾಯಲ್ಲಿ, ಕೆರೆಯ ನಡುವೆ ಧಾರಾಳವಾಗಿ ತೆಗೆಯಿರಿ. ಮೇಲಿನ ಗೋಕಟ್ಟೆಗಳನ್ನು, ಅಂದರೆ ದನಕರು ನೀರು ಕುಡಿಯುವ ಸಣ್ಣ ಕಟ್ಟೆಗಳನ್ನು, ಮೊದಲು ಸರಿಮಾಡಿದರೆ ಎಷ್ಟೋ ಹೂಳು ಅಲ್ಲೇ ನಿಲ್ಲುತ್ತದೆ, ಅವು ಚಿಕ್ಕವು, ವರ್ಷ ವರ್ಷ ಎತ್ತಿಹಾಕಬಹುದು. ಏರಿಯ ಬುಡದಿಂದ ಮಾತ್ರ ಏರಿಯ ಎತ್ತರದ ಐದು ಪಟ್ಟು ದೂರ ನಾನು ಈಗ ಮುಟ್ಟಿಸುವುದಿಲ್ಲ. ಐದು ಮೀಟರ್ ಏರಿ ಇದ್ದರೆ ಇಪ್ಪತ್ತೈದು ಮೀಟರ್.

ಹೋದ ಬೇಸಿಗೆಯಲ್ಲಿ ಬೇರೆ ಕೆರೆಯಲ್ಲಿ ಕೆಲಸ ಶುರುವಾಯಿತು. ಜೆಸಿಬಿ ಇಳಿಯುವ ಮೊದಲು ಆ ಕೆರೆಯ ನೀರುಗಂಟಿಯನ್ನು ಕರೆಸಿದೆ. ಅವರು ಮುಂದೆ ನಡೆದರು, ನಾನು ಹಿಂದೆ ಸುಣ್ಣ ಎಳೆಯುತ್ತಾ ಹೋದೆ. ಎರಡು ಕಡೆ ನಿಂತು ಇನ್ನೂ ಸ್ವಲ್ಪ ಒಳಕ್ಕೆ ಹೋಗಿ ಅಂದರು. ಹೋದೆ.