ಹೆಡ್ಡಿಂಗ್‌ನಲ್ಲಿ ಒಂದು ಇಸವಿ

2002ರ ಅಕ್ಟೋಬರ್ 30. ಕುದುರೆಮುಖದ ಗಣಿಗಾರಿಕೆ ನಿಲ್ಲಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಿನ. ನಾನಾಗ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ, ನೈಟ್ ಶಿಫ್ಟ್. ಕಳಸದ ಸ್ಟ್ರಿಂಗರ್ (ಊರಿಂದ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರ) ಫೋನ್ ಮಾಡಿ "ಗೆದ್ದೆವು ಮಾರಾಯ್ರೆ" ಅಂದರು. ಆಮೇಲೆ ಅವರಿಗೂ ಮಾತು ಬರಲಿಲ್ಲ, ನನಗೂ.

ಸಣ್ಣ ಗೆಲುವಲ್ಲ ಅದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲು, ಸಿಂಗಳೀಕಗಳಿರುವ ಕಾಡು. 1987ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದ್ದರೂ ಅದಿರು ತೆಗೆಯುವುದು ನಿಂತಿರಲಿಲ್ಲ. 1999ರಲ್ಲಿ ಲೀಸ್ ಮುಗಿದ ಮೇಲೂ ನಡೆದೇ ಇತ್ತು. ಮಳೆ ಹಿಡಿದರೆ ಗಣಿಯ ಹೂಳು ಸೀದಾ ಭದ್ರೆಗೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಕೋರ್ಟಿಗೆ ಹೋಗಿದ್ದು ಇದಕ್ಕೇ.

ದೂರದ ಊರುಗಳಿಗೆ ಮೊದಲು ಹೋಗುವ ಡಾಕ್ ಎಡಿಷನ್ ಬಿಡಲು ಹತ್ತು ನಿಮಿಷವೂ ಇರಲಿಲ್ಲ. ಲೀಡ್ ಹೆಡ್ಡಿಂಗ್ ಆಗಲೇ ಕೂತಿತ್ತು: 'ಕುದುರೆಮುಖ ಗಣಿಗಾರಿಕೆ ಬಂದ್'. ಏಜೆನ್ಸಿ ಕಾಪಿಯ ಕೆಳಗಿನ ಪ್ಯಾರಾದಲ್ಲಿ ಬೇರೆಯೇ ಇತ್ತು. ಈಗಾಗಲೇ ಅಗೆದಿರುವ ಜಾಗದಲ್ಲಿ 2005ರ ಕೊನೆವರೆಗೆ ಕೆಲಸ ನಡೆಸಬಹುದು. ಅಂದರೆ ಇನ್ನೂ ಮೂರು ಮಳೆಗಾಲ!

"ಸರ್, ಹೆಡ್ಡಿಂಗ್‌ನಲ್ಲಿ 2005 ಬರಬೇಕು," ಅಂದೆ ಡೆಸ್ಕ್ ಚೀಫ್‌ಗೆ.

"ಒಳಗಿದೆಯಲ್ರೀ. ಜನ ಖುಷಿಯಾಗಿದ್ದಾರೆ, ಸುಮ್ನೆ ಯಾಕೆ ತಣ್ಣೀರೆರಚ್ತೀರಿ?"

ಪ್ರೊಡಕ್ಷನ್‌ನವರು ಬೆನ್ನ ಹಿಂದೆಯೇ ನಿಂತು ಪೇಜ್ ಕೇಳುತ್ತಿದ್ದರು. ನಾನು ಸಿಸ್ಟಮ್ ಬಿಟ್ಟು ಏಳಲಿಲ್ಲ. '2005ಕ್ಕೆ' ಸೇರಿಸಿದರೆ ಒಂದೇ ಲೈನಿಗೆ ಕೂರುತ್ತಿರಲಿಲ್ಲ. ಅಕ್ಷರದ ಗಾತ್ರ (ಪಾಯಿಂಟ್) ಇಳಿಸಿದೆ, ಕೊನೆಯ ಅಕ್ಷರ ಆಗಲೂ ಹೊರಗೇ. ಇನ್ನೊಂದು ಸಲ ಇಳಿಸಿದ ಮೇಲೆ ಕೂತಿತು. ಚೀಫ್ ಬಗ್ಗಿ ನೋಡಿ "ಬಿಡಿ ಪೇಜು" ಅಂದರು.

ಬೇಜಾರಾಗಿದ್ದು ಆಮೇಲೆ. ಫಾಲೋಅಪ್ ಕೇಳಿದಾಗಲೆಲ್ಲ "ಮುಗಿದ ಸುದ್ದಿ" ಅನ್ನೋ ಉತ್ತರ. ಕಾಡು ಉಳಿಸೋ ಸುದ್ದಿಗೆ ತೀರ್ಪಿನ ದಿನ ಮಾತ್ರ ಜಾಗ ಕೊಡುವ ಮ್ಯಾನೇಜ್‌ಮೆಂಟ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಗಣಿ ನಿಜಕ್ಕೂ ನಿಂತಿದ್ದು 2005ರ ಡಿಸೆಂಬರ್ 31ಕ್ಕೆ. ನನಗೆ ಹಬ್ಬ ಅಂದರೆ ಆ ದಿನ. ನಮ್ಮಲ್ಲಿ ಅದು ಒಳಪುಟದ ಸಿಂಗಲ್ ಕಾಲಂ ಆಯಿತು.

ಹೊಸಬರಿಗೆ ನಾನು ಹೇಳೋದು ಇಷ್ಟೇ. ಗೆಲುವು ಅಂತ ಧಾರಾಳವಾಗಿ ಬರೆಯಿರಿ, ಅಷ್ಟು ವರ್ಷ ಓಡಾಡಿದವರಿಗೆ ಅದು ಸಲ್ಲಬೇಕು. ಹಾಗೇ ಆರ್ಡರ್‌ನ ಗಡುವನ್ನು ಡೈರಿಯಲ್ಲಿ ಹಾಕಿ, ಆ ತಾರೀಖಿನ ಪೇಜಿನಲ್ಲಿ ಜಗಳ ಆಡಿಯಾದರೂ ಜಾಗ ತಗೊಳ್ಳಿ. ಕುದುರೆಮುಖಕ್ಕೆ ಹೋಗುವವರಿಗೆ ಲಕ್ಯಾ ಅಣೆಕಟ್ಟನ್ನೂ ನೋಡಿ ಬನ್ನಿ ಅನ್ನುತ್ತೇನೆ. ಗಣಿಯ ಅಷ್ಟು ವರ್ಷದ ಹೂಳು ಅದರ ಹಿಂದೆ ತುಂಬಿದೆ, ಅದರ ಫಾಲೋಅಪ್ ಇನ್ನೂ ಬಾಕಿ.