ಎರಡು ಒಲಿಂಪಿಕ್ಸ್, ಎರಡು ಚಿನ್ನ: ಆಂಡ್ರೇ ಮೊಯಿಸೆಯೆವ್

ಐದು ಬೇರೆ ಬೇರೆ ಆಟ ಸೇರಿದ ಮಾಡರ್ನ್ ಪೆಂಟಥ್ಲಾನ್ 1912ರಿಂದ ಒಲಿಂಪಿಕ್ಸ್‌ನಲ್ಲಿದೆ. ವೈಯಕ್ತಿಕ ಚಿನ್ನವನ್ನು ಸತತ ಎರಡು ಸಲ ಗೆದ್ದವರು ಇಬ್ಬರೇ. ಮೊದಲನೆಯವನು ಸ್ವೀಡನ್ನಿನ ಲಾರ್ಸ್ ಹಾಲ್, 1952 ಮತ್ತು 1956ರಲ್ಲಿ. ಅದಾಗಿ ಸುಮಾರು ಐವತ್ತು ವರ್ಷದ ಮೇಲೆ ರಷ್ಯಾದ ಆಂಡ್ರೇ ಮೊಯಿಸೆಯೆವ್ ಬಂದ.

ಇದು ಯಾಕೆ ಇಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಆಗಿನ ನಿಯಮ ನೋಡಬೇಕು. ಒಂದೇ ದಿನದಲ್ಲಿ ಐದು ಸ್ಪರ್ಧೆ: ಪಿಸ್ತೂಲಿನಿಂದ 20 ಗುಂಡು, ಕತ್ತಿವರಸೆ, 200 ಮೀಟರ್ ಈಜು, ಕುದುರೆ ಸವಾರಿ, ಕೊನೆಗೆ 3000 ಮೀಟರ್ ಓಟ. ಕತ್ತಿವರಸೆಯಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕು, ಒಂದು ನಿಮಿಷದೊಳಗೆ ಮೊದಲು ಯಾರ ಕತ್ತಿ ತಾಗುತ್ತದೋ ಅವರು ಗೆದ್ದಂತೆ. ಕುದುರೆಯಂತೂ ನಿಮ್ಮದಲ್ಲ, ಚೀಟಿ ಎತ್ತಿದಾಗ ಯಾವುದು ಬರುತ್ತದೋ ಅದು, ಪರಿಚಯಕ್ಕೆ ಸಿಗುವುದು 20 ನಿಮಿಷ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಅನ್ನಿಕಾ ಶ್ಲೋಯ್ ಮುಂಚೂಣಿಯಲ್ಲಿದ್ದಳು, ಕುದುರೆ ಹಾರಲು ಒಪ್ಪಲಿಲ್ಲ, ಪದಕದ ಆಸೆ ಅಲ್ಲೇ ಮುಗಿಯಿತು. ಇಂಥ ಆಟದಲ್ಲಿ ನಾಲ್ಕು ವರ್ಷ ಬಿಟ್ಟು ಬಂದು ಮತ್ತೆ ಗೆಲ್ಲುವುದು ಅಂದರೆ ಸುಮ್ನೆ ಮಾತಲ್ಲ.

ಮೊಯಿಸೆಯೆವ್ ಹುಟ್ಟಿದ್ದು 1979ರಲ್ಲಿ, ಡಾನ್ ನದಿ ದಡದ ರಾಸ್ತೋವ್‌ನಲ್ಲಿ. ಈಜು ಅವನ ದೊಡ್ಡ ಬಲ. 2004ರ ಆಗಸ್ಟ್‌ನಲ್ಲಿ ಅಥೆನ್ಸ್‌ನಲ್ಲಿ 5480 ಅಂಕ ಗಳಿಸಿ ಚಿನ್ನ ಗೆದ್ದ, ಲಿಥುವೇನಿಯಾದ ಆಂಡ್ರಿಯಸ್ ಝಾದ್ನೆಪ್ರೋವ್ಸ್ಕಿಸ್ 5428 ಅಂಕದೊಂದಿಗೆ ಎರಡನೆಯವನಾದ. ಓಟದಲ್ಲಿ ನಾಲ್ಕು ಅಂಕ ಅಂದರೆ ಒಂದು ಸೆಕೆಂಡು, ಅಲ್ಲಿಗೆ ಇಬ್ಬರ ನಡುವೆ ಇದ್ದದ್ದು 13 ಸೆಕೆಂಡು. ಇಡೀ ದಿನ ಬೆವರು ಸುರಿಸಿದ ಮೇಲೆ ಅಷ್ಟೇ ಅಂತರ! 2008ರಲ್ಲಿ ಬೀಜಿಂಗ್‌ನಲ್ಲಿ ಮತ್ತೆ ಚಿನ್ನ ಗೆದ್ದ, ಈ ಸಲ ಎರಡನೆಯವನ ಜೊತೆಗಿನ ಅಂತರ 21 ಸೆಕೆಂಡಿಗೆ ಹಿಗ್ಗಿತು. ಅಲ್ಲಿ ಬೆಳ್ಳಿ, ಕಂಚು ಎರಡೂ ಲಿಥುವೇನಿಯಾದವರಿಗೇ ಹೋದವು, ಕಂಚು ಗೆದ್ದವನು ಅದೇ ಝಾದ್ನೆಪ್ರೋವ್ಸ್ಕಿಸ್. ಒಬ್ಬನೇ ಮನುಷ್ಯ ಎರಡು ಒಲಿಂಪಿಕ್ಸ್‌ನಲ್ಲೂ ತನ್ನ ದಾರಿಗೆ ಅಡ್ಡ ಬಂದರೆ ಹೇಗಿರುತ್ತದೆ ಹೇಳಿ, ಪಾಪ.

ಆದರೆ ನನಗೆ ಮೊಯಿಸೆಯೆವ್‌ನ ಎಲ್ಲ ಗೆಲುವುಗಳಿಗಿಂತ ಜಾಸ್ತಿ ಇಷ್ಟ 2011ರದ್ದು. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಬೀಜಿಂಗ್ ಆದ ಮೇಲೆ ಆಟದ ಸ್ವರೂಪವೇ ಬದಲಾಯಿತು. 2009ರಿಂದ ಓಟ ಮತ್ತು ಶೂಟಿಂಗ್ ಸೇರಿಸಿ ಒಂದೇ ಸ್ಪರ್ಧೆ ಮಾಡಿದರು, ಆಮೇಲೆ ಲೇಸರ್ ಪಿಸ್ತೂಲು ಬಂತು. ಮೊದಲು ಬೆಳಗ್ಗೆ ಶಾಂತವಾಗಿ ನಿಂತು ಗುರಿ ಹಿಡಿಯುತ್ತಿದ್ದವರು ಈಗ ಏದುಸಿರು ಬಿಡುತ್ತಾ, ಪಕ್ಕದವನು ಗುರಿ ಮುಗಿಸಿ ಓಡಿ ಹೋಗುವುದನ್ನು ನೋಡುತ್ತಾ, ನಡುಗುವ ಕೈಯಲ್ಲಿ ಐದು ಗುರಿ ಹೊಡೆಯಬೇಕು. ಹಳೇ ನಿಯಮದಲ್ಲಿ ಎರಡು ಚಿನ್ನ ಗೆದ್ದವನು ಅಲ್ಲಿಗೇ ಸಾಕು ಅಂದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಇವನು ನಿಲ್ಲಿಸಲಿಲ್ಲ. ಕೈರೋದಲ್ಲಿ ನಡೆಯಬೇಕಿದ್ದ ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್, ಈಜಿಪ್ಟ್‌ನಲ್ಲಿ ದಂಗೆ ಎದ್ದಿದ್ದರಿಂದ ಮಾಸ್ಕೋಗೆ ಬಂತು. ಅಲ್ಲಿ, ತನ್ನ ದೇಶದವರ ಎದುರಿಗೆ, 32ನೇ ವಯಸ್ಸಿನಲ್ಲಿ ವೈಯಕ್ತಿಕ ವಿಶ್ವ ಪಟ್ಟ ಗೆದ್ದ. ಹೊಸ ಆಟ ಕಲಿತು ಗೆದ್ದ ಅನ್ನಬೇಕು, ಅಲ್ವಾ?

2012ರ ಲಂಡನ್‌ನಲ್ಲಿ ಮೂರನೇ ಚಿನ್ನ ಸಿಗಲಿಲ್ಲ, ಪದಕವೇ ಬರಲಿಲ್ಲ. ಝೆಕ್ ದೇಶದ ಡೇವಿಡ್ ಸ್ವೊಬೋದಾ ಗೆದ್ದ. 2016ರಲ್ಲಿ ಬೆಲಾರಸ್‌ನಲ್ಲಿ ಹುಟ್ಟಿ ರಷ್ಯಾಗೆ ಬಂದಿದ್ದ ಅಲೆಕ್ಸಾಂಡರ್ ಲೆಸುನ್ ರಿಯೋದಲ್ಲಿ ಚಿನ್ನ ತಂದ. ಆಮೇಲೆ ಬ್ರಿಟನ್ನಿನ ಜೋ ಚೂಂಗ್, ಪ್ಯಾರಿಸ್‌ನಲ್ಲಿ ಈಜಿಪ್ಟಿನ ಅಹ್ಮದ್ ಎಲ್ಗೆಂಡಿ. ಇವರಲ್ಲಿ ಯಾರೂ ಎರಡನೇ ಸಲ ಗೆದ್ದಿಲ್ಲ. ಪ್ಯಾರಿಸ್ ನಂತರ ಕುದುರೆ ಸವಾರಿಯನ್ನೇ ತೆಗೆದು ಅಡೆತಡೆ ಓಟ ಸೇರಿಸಿದ್ದಾರೆ. ಹಾಗಾಗಿ ಮುಂದೆ ಯಾರಾದರೂ ಸತತ ಎರಡು ಚಿನ್ನ ಗೆದ್ದರೂ ಅದನ್ನು ಮೊಯಿಸೆಯೆವ್‌ನ ಪಕ್ಕದಲ್ಲಿಟ್ಟು ನೋಡುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.